ಹಿಂದಿನ ಸೀಟಿನ ರಸ್ತೆ

ಕಾರು ಕೊಳ್ಳುವುದೆಂದರೆ ಬೇರೆಯವರ ಮನೆಯಲ್ಲಿ ಸಡಗರ. ಟನ್ನಣ್ಣನ ಮನೆಯಲ್ಲಿ ಅದು ಶುರುವಾದದ್ದೇ ಜಗಳದಿಂದ.

ಟನ್ನಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ ಬಿಡಿ. ಕಲ್ಲುಕ್ವಾರಿಯ ಲಾರಿ ಓಡಿಸಿ ಓಡಿಸಿಯೇ ಕೂದಲು ನರೆತ ಮನುಷ್ಯ. ಕಣ್ಣಿಗೆ ಬಿದ್ದದ್ದನ್ನೆಲ್ಲ ಟನ್ನಿನಲ್ಲಿ ಅಳೆಯುವ ಚಾಳಿ ಅವನದು. ಪಕ್ಕದ ಮನೆಗೆ ಹೊಸ ಬೀರು ಬಂದರೆ "ಕಾಲು ಟನ್ ಬರುತ್ತೆ" ಅನ್ನುವನು. ದಪ್ಪಗಿನ ನೆಂಟರು ಬಂದು ಹೋದ ಮೇಲೆ ಅವರ ಬೆನ್ನ ಹಿಂದೆಯೂ ಅದನ್ನೇ ಅನ್ನುವನು. ಹಾಗಾಗಿ ಕ್ವಾರಿಯವರು ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು. ಕ್ವಾರಿಯ ಕೆಲಸ ಬಿಟ್ಟ ಮೇಲೂ ಬಿಡಲಿಲ್ಲ.

ಮನೆಯಲ್ಲಿ ಮೂವರು. ಅವನು, ಕ್ವಾರಿಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಹೆಂಡತಿ, ಮತ್ತೆ ಅವನ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಇವನಿಗೆ ತಾಯಿ ಅಂದರೂ ಅವಳೇ, ಅಕ್ಕ ಅಂದರೂ ಅವಳೇ. ಇವನನ್ನು ಸಾಕುವುದರಲ್ಲಿ ಅವಳ ವಯಸ್ಸು ಕಳೆದುಹೋಯಿತು, ಮದುವೆಯ ಮಾತು ಬಂದಷ್ಟು ಸಲವೂ ಹೊಲಿಗೆ ಮೆಷಿನ್ನಿನ ಸದ್ದಿನಲ್ಲಿ ಮುಚ್ಚಿಹೋಯಿತು. ಮುಂದಿನ ಕೋಣೆಯ ಕಿಟಕಿಯ ಬಳಿ ಕೂತು ಕ್ವಾರಿಯಿರುವ ಆ ಗುಡ್ಡದ ಮಕ್ಕಳಿಗೆಲ್ಲ ಶಾಲೆಯ ಅಂಗಿ ಹೊಲಿದವಳು. ನಾಲಿಗೆ ಮಾತ್ರ ಕತ್ತರಿಗಿಂತ ಹರಿತ.

ಅಂಥವಳಿಗೆ ಕಿಡ್ನಿ ಎರಡೂ ಕೈಕೊಟ್ಟವು. ವಾರಕ್ಕೆ ಮೂರು ಸಲ ಗುಡ್ಡ ಇಳಿದು ಪೇಟೆಯ ಆಸ್ಪತ್ರೆಗೆ ಹೋಗಬೇಕು, ಕೈಗೆ ದಪ್ಪ ಸೂಜಿ ಚುಚ್ಚಿಸಿಕೊಂಡು ಅರ್ಧ ದಿನ ಮಲಗಿ ರಕ್ತ ತೊಳೆಸಿಕೊಳ್ಳಬೇಕು, ಮತ್ತೆ ಗುಡ್ಡ ಹತ್ತಬೇಕು. ಪೇಟೆಯಲ್ಲೇ ಒಂದು ಕೋಣೆ ಹಿಡಿಯೋಣವೆಂದರೆ ಅವಳು ಸುತರಾಂ ಒಪ್ಪಲಿಲ್ಲ. "ಸತ್ರೆ ನನ್ನ ಕಿಟಕಿ ಹತ್ರ ಸಾಯ್ತೀನಿ, ಕಂಡವರ ಗೋಡೆ ನೋಡ್ಕೊಂಡು ಅಲ್ಲ" ಅಂದುಬಿಟ್ಟಳು. ಸರಿ, ಬಾಡಿಗೆ ವ್ಯಾನಿನಲ್ಲಿ ಓಡಾಟ ನಡೆಯಿತು.

ಆ ರಸ್ತೆಯೋ, ರಸ್ತೆ ಅನ್ನುವ ಮಾತಿಗೇ ಅವಮಾನ! ತುಂಬಿದ ಲಾರಿಗಳು ಇಳಿದು ಇಳಿದು ಎರಡು ಕಡೆಯೂ ಕಾಲುವೆಯಂತೆ ಕೊರೆದಿದ್ದವು. ನಡುವೆ ಮೊನಚು ಜಲ್ಲಿ. ಎಲ್ಲಿ ಗುಂಡಿ ಎಲ್ಲಿ ರಸ್ತೆ ಅಂತ ಕೇಳಿದರೆ ಗುಂಡಿಗಳ ಮಧ್ಯೆ ಉಳಿದದ್ದೇ ರಸ್ತೆ ಅನ್ನಬೇಕು. ರಸ್ತೆ ಮಾಡಿಸುತ್ತೇವೆಂದು ಅಳತೆ ಪಟ್ಟಿ ಹಿಡಿದು ಬಂದ ಸರ್ಕಾರದವರು ಅಳೆದುಕೊಂಡು ಹೋದರು, ಅಷ್ಟೇ. ಅವರ ಜೀಪೂ ಒಂದು ಸಲ ಅಲ್ಲೇ ಹೂತುಕೊಂಡಿತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಅಕ್ಕ ಚಪ್ಪಲಿಯನ್ನೂ ಬಿಚ್ಚದೆ ಮೆಷಿನ್ನಿನ ಮುಂದೆ ಕುಳಿತುಬಿಟ್ಟಳು.

"ಇನ್ನು ಸಾಕು ಕಣೋ. ನಾನು ಬರಲ್ಲ."

"ಎಲ್ಲಿಗೆ ಬರಲ್ಲ?"

"ಆಸ್ಪತ್ರೆಗೆ. ಆ ರಸ್ತೆ ನನ್ನ ಮೂಳೆ ಮೂಳೆ ಬಿಡಿಸಿ ಇಡ್ತಿದೆ. ಅಲ್ಲಿ ರಕ್ತ ತೊಳೀತಾರೆ, ಇಲ್ಲಿ ರಸ್ತೆ ಒಗೀತದೆ. ನನ್ನ ಕೈಲಾಗಲ್ಲ."

ನಿಲ್ಲಿಸಿದರೆ ಬಹಳ ದಿನ ಉಳಿಯುವುದಿಲ್ಲವೆಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಟನ್ನಣ್ಣ ಕೂಗಾಡಿದ, ಅವಳೂ ಕೂಗಾಡಿದಳು. ಹೆಂಡತಿ ಇಬ್ಬರಿಗೂ ನೀರು ಕೊಟ್ಟು, "ರೀ, ಸುಸ್ತಾಗಿರೋರ ಹತ್ರ ಏನು ಜಗಳ ನಿಮ್ದು" ಎಂದು ಅವನನ್ನು ಹೊರಗೆ ದಬ್ಬಿದಳು. ಹೊರಗೆ ನಿಂತು ಯೋಚಿಸಿದಾಗ ಅವನಿಗೆ ಒಂದು ಬಗೆಯ ಧೈರ್ಯವೇ ಬಂತು. ರೋಗ ಅವನ ಕೈಲಿರಲಿಲ್ಲ. ಆದರೆ ರಸ್ತೆಯ ವಿಷಯ ಅವನಿಗೆ ಗೊತ್ತಿತ್ತು. ರಸ್ತೆಯೇ ಶತ್ರುವಾದರೆ ಅದಕ್ಕೆ ತಕ್ಕ ಗಾಡಿ ತರಬೇಕು, ಅಷ್ಟೇ ತಾನೇ?

ಹಳೇ ಕಾರು ಮಾರುವವನ ಅಂಗಳಕ್ಕೆ ಹೊರಟಾಗ ಹೆಂಡತಿ, "ಅಕ್ಕನ್ನೂ ಕರ್ಕೊಂಡು ಹೋಗಿ, ಕೂರೋರು ಅವರಲ್ವಾ" ಎಂದಳು.

"ಅವಳಿಗೇನು ಗೊತ್ತಾಗುತ್ತೆ ಕಣೇ ಗಾಡಿ ವಿಷಯ? ಬಣ್ಣ ನೋಡ್ತಾಳೆ ಅಷ್ಟೇ."

ಹೋದ. ಅಂಗಳದವನು ಮೊದಲು ಒಂದು ಪುಟ್ಟ ಕಾರು ತೋರಿಸಿದ. ಟನ್ನಣ್ಣ ಅದರ ಹೊಟ್ಟೆಯ ಕೆಳಗೆ ಗೇಣು ಇಟ್ಟು ನೋಡಿ ಮುಖ ತಿರುಗಿಸಿದ. "ಇದು ನಮ್ಮ ರಸ್ತೇಲಿ ಹೊಟ್ಟೆ ಉಜ್ಜಿಕೊಂಡೇ ಹೋಗುತ್ತೆ." ಆಮೇಲೆ ಮೂಲೆಯಲ್ಲಿ ನಿಂತಿದ್ದ ಎತ್ತರದ ಜೀಪಿನಂಥ ಗಾಡಿ ಅವನ ಕಣ್ಣಿಗೆ ಬಿತ್ತು. ನಾಲ್ಕು ಚಕ್ರಕ್ಕೂ ಎಳೆತ, ಹಿಂದೆ ಲಾರಿಗಿರುವಂಥದೇ ಪಟ್ಟಿ ಸ್ಪ್ರಿಂಗು. ಅವನು ಅಂಗಿ ಕೊಳೆಯಾಗುವುದನ್ನೂ ನೋಡದೆ ಗಾಡಿಯ ಕೆಳಗೆ ನುಗ್ಗಿದ, ಕಬ್ಬಿಣ ತಟ್ಟಿದ, ಬೋಲ್ಟು ಎಳೆದು ನೋಡಿದ. ಸ್ಟೀರಿಂಗು ಹಿಡಿದು ಅಂಗಳದ ಜಲ್ಲಿರಾಶಿಯ ಮೇಲೆ ಹತ್ತಿಸಿ ಇಳಿಸಿದ. ಗಾಡಿ ಗುರ್ರೆಂದು ಹತ್ತಿತು. ಲಾರಿ ಬಿಟ್ಟ ಮೇಲೆ ಅವನ ಮುಖದಲ್ಲಿ ಅಂಥ ನಗು ಯಾರೂ ಕಂಡಿರಲಿಲ್ಲ. ಹಿಂದಿನ ಬಾಗಿಲನ್ನು ಒಂದೇ ಸಲ ತೆರೆದ, ಜಾಕು ಇದೆಯೋ ಇಲ್ಲವೋ ನೋಡಲು.

ಅಲ್ಲಿಂದ ನೇರ ಟೈರಿನ ಅಂಗಡಿಗೆ. ಅಂಗಡಿಯವನು ಹಳೆಯ ಪರಿಚಯ, ಎಲ್ಲವನ್ನೂ ನಿಧಾನವಾಗಿ ಕೇಳುವ ಆಸಾಮಿ.

"ಇದರಲ್ಲಿ ಲೋಡ್ ಹಾಕ್ತೀರೋ, ಜನ ಕೂರ್ತಾರೋ?"

"ಜನ. ಜನ ಅಂದ್ರೂ ಲೋಡೇ ಅಲ್ವೇನಯ್ಯಾ!"

"ಹಾಗಲ್ಲ ಅಣ್ಣ, ಜನಕ್ಕಾದ್ರೆ ಟೈರಿನ ಪಕ್ಕೆ ಮೆತ್ತಗಿರೋದು—"

"ಮೆತ್ತಗಿರೋದು ನಿಮ್ಮ ಪೇಟೆಯವರಿಗೆ. ನನ್ನ ಟೈರನ್ನ ಜಲ್ಲಿ ಕುಯ್ಯಬಾರದು, ಅಷ್ಟೇ."

ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಜೊತೆ ಯಾರು ವಾದ ಮಾಡುತ್ತಾರೆ? ದಪ್ಪ ದಪ್ಪ ಗಡ್ಡೆಗಳಿರುವ, ಪಕ್ಕೆ ಕಲ್ಲಿನಷ್ಟು ಗಟ್ಟಿಯಾಗಿರುವ ಟೈರುಗಳನ್ನೇ ಹಾಕಿಸಿದ. ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಗಾಡಿಗಿಂತ ಟೈರೇ ಎದ್ದು ಕಾಣುತ್ತಿತ್ತು. ಗಾಳಿಯನ್ನೂ ಬಿಗಿಯಾಗಿ ತುಂಬಿಸಿದ. ಲಾರಿಯವರ ಪದ್ಧತಿಯಂತೆ ಕಬ್ಬಿಣದ ಸರಳಿನಿಂದ ಒಂದೊಂದೇ ಟೈರಿಗೆ ಬಡಿದು, ಠಣ್ ಅನ್ನುವವರೆಗೂ ಬಿಡಲಿಲ್ಲ. ಸದ್ದು ಮಂದವಾದರೆ ಗಾಳಿ ಕಮ್ಮಿ, ಗಾಳಿ ಕಮ್ಮಿಯಾದರೆ ಲೋಡಿನ ಭಾರಕ್ಕೆ ಟೈರು ಕುಸಿಯುತ್ತದೆ. ಅವನ ಕೈಗೆ ಬೇರೆ ಲೆಕ್ಕ ಗೊತ್ತಿರಲಿಲ್ಲ.

ಮೊದಲ ದಿನ ಅಕ್ಕನನ್ನು ಹತ್ತಿಸಲು ಸ್ಟೂಲು ಬೇಕಾಯಿತು. ಅವಳು ಸ್ಟೂಲಿನ ಮೇಲೆ ನಿಂತು, "ಏನೋ ಇದು, ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀಯೋ ಯುದ್ಧಕ್ಕೋ?" ಎಂದಳು. ಅವನಿಗೆ ಖುಷಿಯಾಯಿತು. ಗಾಡಿ ಯಾವ ಗುಂಡಿಗೂ ಅಂಜಲಿಲ್ಲ. ಎಲ್ಲೂ ಹೂತುಕೊಳ್ಳಲಿಲ್ಲ, ಎಲ್ಲೂ ಹೊಟ್ಟೆ ಉಜ್ಜಲಿಲ್ಲ. "ಹೇಗಿದೆ ಅಕ್ಕ?" ಎಂದು ದಾರಿಯುದ್ದಕ್ಕೂ ಕೇಳಿದ. "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಹಿಂದಿನಿಂದ ತುಂಡು ತುಂಡಾಗಿ ಸ್ವರ ಬಂತು. ಬರುವಾಗ ಗುಡ್ಡದ ಅರ್ಧದಲ್ಲಿ ಅವಳು ಗಾಡಿ ನಿಲ್ಲಿಸಲು ಹೇಳಿ ವಾಂತಿ ಮಾಡಿಕೊಂಡಳು.

ಆ ವಾರ ಹಾಗೂ ಹೀಗೂ ಕಳೆಯಿತು. ಮುಂದಿನ ವಾರ ಅವಳು ಮತ್ತೆ ಅದೇ ರಾಗ ಎತ್ತಿದಳು. "ರಸ್ತೆ ಕಣೋ. ನಿನ್ನ ಗಾಡಿ ಚೆನ್ನಾಗೇ ಇದೆ, ಆ ರಸ್ತೆ ನನ್ನ ಕೈಲಿ ಆಗಲ್ಲ." ಅವಳು ಬರುವಾಗ ಮಲಗುವ ಹಿಂದಿನ ಸೀಟಿಗೆ ಟನ್ನಣ್ಣ ದಿಂಬು ಇಟ್ಟ. ಹಾಸಿಗೆ ಮಡಿಸಿ ಹಾಕಿದ. ಇನ್ನೂ ನಿಧಾನ ಓಡಿಸಿದ, ಆಮೇಲೆ ಬೇಗ ಮುಗಿಯಲಿ ಎಂದು ಜೋರಾಗಿಯೂ ಓಡಿಸಿ ನೋಡಿದ. ಏನೂ ಆಗಲಿಲ್ಲ. ಒಂದು ಸರದಿಯನ್ನು ಅವಳು ತಪ್ಪಿಸಿಯೇಬಿಟ್ಟಳು. ಕಾಲು ಊದಿಕೊಂಡು, ಉಸಿರು ಎಳೆದುಕೊಂಡು, ಮರುದಿನ ಹೇಗೋ ಹೊತ್ತು ಹತ್ತಿಸಿ ಕರೆದೊಯ್ದರು. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಾಗ ಟನ್ನಣ್ಣನಿಗೆ ಎದ್ದೇಳುವುದೇ ಬೇಡ ಅನ್ನಿಸಿತು. ಎದ್ದರೆ ಮತ್ತೆ ಅದೇ ಗುಡ್ಡ, ಅದೇ ಮಾತು, ನಾಡಿದ್ದು ಮತ್ತೆ ಇದೇ ಮೆಟ್ಟಿಲು.

"ಇಷ್ಟೆಲ್ಲ ಮಾಡಿದ್ರಲ್ಲ, ಒಂದ್ಸಲ ಅವರ ಜಾಗದಲ್ಲಿ ಕೂತು ನೋಡಿದ್ರಾ?" ಎಂದು ಹೆಂಡತಿ ಕೇಳಿದ್ದು ಆ ಸಂಜೆ.

ಇಲ್ಲ. ಯೋಚಿಸಿ ನೋಡಿದರೆ ಅವನು ಯಾವ ಗಾಡಿಯ ಹಿಂದಿನ ಸೀಟಿನಲ್ಲೂ ಈ ರಸ್ತೆ ಇಳಿದವನಲ್ಲ. ಹುಡುಗನಾಗಿದ್ದಾಗ ಕ್ಲೀನರ್, ಆಮೇಲೆ ಡ್ರೈವರ್, ಬಾಡಿಗೆ ವ್ಯಾನಿನಲ್ಲೂ ಡ್ರೈವರನ ಪಕ್ಕದ ಸೀಟು ಅವನಿಗೆ ಮೀಸಲು.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದು ಕೀ ಕೊಟ್ಟು, ತಾನು ಹಿಂದೆ, ಅಕ್ಕನ ದಿಂಬಿನ ಮೇಲೆ ಕುಳಿತ. "ನಾನು ಓಡಿಸೋ ಹಾಗೇ ಓಡಿಸು" ಎಂದ. ಮೇಸ್ತ್ರಿ ಹಾಗೇ ಓಡಿಸಿದ. ಮೊದಲ ತಿರುವಿನಲ್ಲೇ ಟನ್ನಣ್ಣನ ತಲೆ ಮೇಲಿನ ತಗಡಿಗೆ ಬಡಿಯಿತು. ಎರಡನೆಯ ಗುಂಡಿಗೆ ಹಲ್ಲಿನ ನಡುವೆ ನಾಲಿಗೆ ಸಿಕ್ಕಿಕೊಂಡಿತು. ಹಿಡಿದುಕೊಳ್ಳಲು ಸ್ಟೀರಿಂಗಿಲ್ಲ, ಮುಂದೆ ಬರುವ ಗುಂಡಿ ಕಾಣುವುದಿಲ್ಲ. ಕಂಡವನ ಮೈ ತಾನಾಗಿ ಬಿಗಿದುಕೊಳ್ಳುತ್ತದೆ, ಕಾಣದವನ ಬೆನ್ನಿಗೆ ಅದು ಹೇಳದೆ ಕೇಳದೆ ಬಂದು ಒದೆಯುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ನಿಲ್ಸೋ ಮಾರಾಯಾ, ನಿಲ್ಸು!" ಎಂದು ಅರಚಿದ.

ಇಳಿದು ಸೊಂಟ ಹಿಡಿದುಕೊಂಡು ನಿಂತ. ಮೇಸ್ತ್ರಿ ಟೈರು ಒತ್ತಿ ನೋಡಿ, "ಟನ್ನಣ್ಣ, ಇದಕ್ಕೆ ಕಲ್ಲು ತುಂಬಿದ್ರೆ ಹಂಸದ ಹಾಗೆ ಹೋಗುತ್ತೆ. ಖಾಲಿ ಗಾಡಿಗೆ ಇಷ್ಟು ಗಾಳಿ ತುಂಬ್ತಾರಾ ಯಾರಾದ್ರೂ?" ಎಂದ.

ಅಷ್ಟು ವರ್ಷ ಬೆನ್ನ ಹಿಂದೆ ಕಲ್ಲು ಹೊತ್ತವನು ಟನ್ನಣ್ಣ. ಕಲ್ಲು ಅಯ್ಯೋ ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ. ಅದೇ ಅಭ್ಯಾಸದಲ್ಲಿ, ಹಿಡಿ ಮೂಳೆಯಾಗಿದ್ದ ಅಕ್ಕನಿಗೆ ಕಲ್ಲಿನ ಗಾಡಿ ತಂದಿದ್ದ. ಮೇಸ್ತ್ರಿಯ ಎದುರಿಗೆ ಅಳಬಾರದೆಂದು ಅವನು ಟೈರಿನ ಗಡ್ಡೆಗಳ ನಡುವೆ ಸಿಕ್ಕಿದ್ದ ಜಲ್ಲಿಯನ್ನು ಬೆರಳಿನಿಂದ ಕೀಳುತ್ತ ಕುಳಿತ.

ಜೀಪನ್ನು ವಾಪಸು ಕೊಟ್ಟು ಬೇರೆ ಕಾರು ಆರಿಸಲು ಹೋದಾಗ ಅಕ್ಕನನ್ನೂ ಕರೆದೊಯ್ದ. ಅಂಗಳದವನು ಎಂಜಿನ್ನಿನ ಗುಣಗಾನ ಶುರು ಮಾಡಿದರೆ ಟನ್ನಣ್ಣ ಕೈ ಅಡ್ಡ ಹಿಡಿದ. "ಎಂಜಿನ್ ಆಮೇಲೆ. ಅಕ್ಕ, ಮಲಕ್ಕೋ."

"ಇಲ್ಲೇನಾ? ಎಲ್ಲರ ಎದುರಿಗಾ? ತಲೆ ಕೆಟ್ಟಿದೆಯೇನೋ ನಿಂಗೆ?"

"ಮಲಕ್ಕೋ ಅಂದ್ರೆ."

ಹೀಗೆ ಒಂದೊಂದೇ ಕಾರಿನ ಹಿಂದಿನ ಸೀಟಿನಲ್ಲಿ ಅವಳು ಬೈಯುತ್ತ ಮಲಗಿದಳು, ಬೈಯುತ್ತ ಎದ್ದಳು. ಕೊಳ್ಳಲು ಬಂದ ಬೇರೆ ಗಿರಾಕಿಗಳು ತಮ್ಮ ಕೆಲಸ ಬಿಟ್ಟು ಇದನ್ನೇ ನೋಡುತ್ತ ನಿಂತರು. ಕೊನೆಗೆ ಒಂದು ಹಳೆಯ, ಉದ್ದನೆಯ, ಯಾರಿಗೂ ಬೇಡವಾದ ಕಾರಿನೊಳಗೆ ಹೋದವಳು ಬೈಯಲೇ ಇಲ್ಲ. ಬಗ್ಗಿ ನೋಡಿದರೆ ನಿದ್ದೆ ಹೋಗಿದ್ದಳು. ಸೀಟು ಅಷ್ಟು ಅಗಲ, ಸ್ಪ್ರಿಂಗು ಅಷ್ಟು ಮೆತ್ತಗೆ. ಅಂಗಳದವನು ಎಬ್ಬಿಸಲು ಹೋದರೆ ಟನ್ನಣ್ಣ ಅವನ ತೋಳು ಹಿಡಿದುಕೊಂಡ. ಎಚ್ಚರವಾದಾಗ ಅಕ್ಕ ಸೀಟಿನ ಮೇಲೆ ಕೈಯಾಡಿಸಿ, "ಎಷ್ಟು ಚೆನ್ನಾಗಿದೆಯಪ್ಪಾ ಇದು" ಎಂದಳು. ಹೇಳುವಾಗ ಅವಳ ಮುಖ ಯಾಕೋ ಸಣ್ಣಗಾಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡ ಅವನು.

ಟೈರಿನವನು ಹೇಳಿದ್ದನ್ನು ಈ ಸಲ ಬಾಯಿ ಮುಚ್ಚಿಕೊಂಡು ಕೇಳಿದ. ಗಡ್ಡೆ ಟೈರು ಬೇಡ, ಪಕ್ಕೆ ಎತ್ತರವಿರುವ ಸಾದಾ ಟೈರು ಸಾಕು, ಗಾಳಿ ಸ್ವಲ್ಪ ಕಮ್ಮಿ. "ಆದ್ರೆ ಅಣ್ಣ, ಜಲ್ಲಿಗೆ ಪಕ್ಕೆ ಕುಯ್ದೇ ಕುಯ್ಯುತ್ತೆ. ಪಂಕ್ಚರ್ ತಪ್ಪಿದ್ದಲ್ಲ."

"ಆಗ್ಲಿ ಬಿಡು. ಇಳಿದು ಚಕ್ರ ಬದಲಿಸೋನು ನಾನು. ಅವಳೇನೂ ಇಳೀಬೇಕಾಗಿಲ್ಲವಲ್ಲ."

ಕಾರಿನ ಹೊಟ್ಟೆಗೆ ಕಲ್ಲು ತಾಗದ ಹಾಗೆ ಮೇಸ್ತ್ರಿ ಒಂದು ದಪ್ಪ ತಗಡು ಹಾಕಿಕೊಟ್ಟ. ಟನ್ನಣ್ಣ ಖಾಲಿ ಕಾರನ್ನು ಗುಡ್ಡದ ಮೇಲೆ ಕೆಳಗೆ ಓಡಿಸಿ, ಯಾವ ಗುಂಡಿಯ ಯಾವ ಅಂಚಿನಲ್ಲಿ ಚಕ್ರ ಇಳಿಸಬೇಕು ಅನ್ನುವುದನ್ನು ಹೊಸದಾಗಿ ಕಲಿತ. ಈ ವಯಸ್ಸಿನಲ್ಲಿ, ತಾನು ಸವೆಸಿದ ರಸ್ತೆಯನ್ನೇ! ರಾತ್ರಿ ಮಲಗಿದರೆ ಭುಜ ನೋಯುತ್ತಿತ್ತು. ಆದರೂ ಬಹಳ ದಿನಗಳ ಮೇಲೆ ನಿದ್ದೆ ಬಂತು.

ಅಲ್ಲಿಯವರೆಗೆ ಆಸ್ಪತ್ರೆಗೆ ಮತ್ತೆ ಬಾಡಿಗೆ ವ್ಯಾನೇ ಗತಿಯಾಗಿತ್ತು. ಈ ಕಾರಿನಲ್ಲಿ ಹೋಗುವ ಮೊದಲ ದಿನ ಬಂತು. ಅಕ್ಕ ಸ್ಟೂಲಿಲ್ಲದೆ ಕಾರಿನೊಳಗೆ ಕುಳಿತಳು. ಅವನು ಹೊರಟ. ಮೊದಲ ತಿರುವು ಕಳೆಯಿತು. "ಅಕ್ಕ, ಎಡಕ್ಕೊಂದು ಗುಂಡಿ ಬರ್ತಿದೆ, ಹಿಡ್ಕೋ" ಎಂದು ಮುಂಚೆಯೇ ಹೇಳುತ್ತ ಹೋದ. ಕಾರು ಒಮ್ಮೆ ಕೂತು ಒಮ್ಮೆ ಎದ್ದು, ಅಷ್ಟೇ, ದಾಟಿಬಿಟ್ಟಿತು. ಕೊರೆದ ಕಾಲುವೆಗಳ ಜಾಗವೂ ದಾಟಿತು. ಹಿಂದಿನಿಂದ ಒಂದು ನರಳಿಕೆಯಿಲ್ಲ, ಬೈಗುಳವಿಲ್ಲ. ಅವನಿಗೆ ಸಂತೋಷ ತಡೆಯಲಾಗಲಿಲ್ಲ.

"ಏನಕ್ಕ, ಈಗ ಹೇಳು. ರಸ್ತೆ ಇದೆ ಅಂತಾದ್ರೂ ಗೊತ್ತಾಯ್ತಾ?"

ಕೇಳುತ್ತ ಕನ್ನಡಿಯಲ್ಲಿ ನೋಡಿದ. ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅಳುತ್ತಿದ್ದಳು.

ಅವನು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. "ಏನಾಯ್ತು? ಎಲ್ಲಿ ನೋಯ್ತು? ಟೈರಾ? ಗಾಳಿ ಇನ್ನೂ ಸ್ವಲ್ಪ ಬಿಡ್ಲಾ?"

"ಎಲ್ಲೂ ನೋಯ್ತಿಲ್ಲ ಕಣೋ. ಅದೇ." ಅವಳು ಮೂಗು ಒರೆಸಿಕೊಂಡಳು. "ಎಲ್ಲೂ ನೋಯ್ತಿಲ್ಲ. ರಸ್ತೆನೂ ನೀನು ಸರಿ ಮಾಡ್ಬಿಟ್ಟೆ. ಇನ್ನು ನಾನು ಯಾವುದರ ಮೇಲೆ ಹಾಕ್ಲಿ ಹೇಳು?"

ಅವನಿಗೆ ಅರ್ಥವಾಗಲಿಲ್ಲ. ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿದ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ ನಾನು ರಸ್ತೆ, ರಸ್ತೆ ಅಂತ ಹೇಳ್ಕೊಂಡು ಬಂದೆ. ರಸ್ತೆ ಅಲ್ಲ ಕಣೋ. ನಂಗೆ ಆ ಮಂಚ ಸಾಕಾಗಿದೆ. ಆ ಸೂಜಿ ಸಾಕಾಗಿದೆ. ಒಂದಿನ ಹೋಗೋದು, ಒಂದಿನ ಸುಧಾರಿಸ್ಕೊಳ್ಳೋದು, ಮತ್ತೆ ಹೋಗೋದು. ಇದು ಮುಗಿಯೋದಲ್ಲ. ನಿಲ್ಸೋಣ ಅಂದ್ರೆ ನಿನ್ನ ಮುಖ ನೋಡೋಕಾಗಲ್ಲ. ಅದಕ್ಕೆ ರಸ್ತೆ ಮೇಲೆ ಹಾಕ್ದೆ. ನೀನು ನೋಡಿದ್ರೆ ಹೋಗಿ ಕಾರು ತಂದೆ. ಅದು ಸರಿ ಹೋಗ್ಲಿಲ್ಲ ಅಂತ ಇನ್ನೊಂದು ತಂದೆ. ಅಂಗಳದಲ್ಲಿ ನಿದ್ದೆಯಿಂದ ಎದ್ದಾಗಲೇ ಅಂದ್ಕೊಂಡೆ, ಮುಗೀತು, ಇನ್ನು ಏನು ನೆಪ ಹೇಳ್ಲಿ ಅಂತ."

ಒಂದು ತುಂಬಿದ ಲಾರಿ ಅವರನ್ನು ದಾಟಿ ಕೆಳಗಿಳಿಯಿತು. ಧೂಳು ಕಾರಿನೊಳಗೂ ಬಂತು. ಟನ್ನಣ್ಣ ಇಳಿದು, ಸುತ್ತಿ ಬಂದು, ಹಿಂದಿನ ಬಾಗಿಲು ತೆರೆದು ಅಕ್ಕನ ಪಕ್ಕದಲ್ಲಿ ಕುಳಿತ. ಸಿಟ್ಟು ಮಾಡಬೇಕೆಂದು ಬಾಯಿ ತೆರೆದ. ಸಿಟ್ಟು ಬರಲಿಲ್ಲ.

"ನಂಗೂ ಸುಸ್ತಾಗಿದೆ ಅಕ್ಕ" ಎಂದ. ಇದನ್ನು ಅವನು ಯಾರ ಹತ್ತಿರವೂ, ಹೆಂಡತಿಯ ಹತ್ತಿರವೂ ಹೇಳಿರಲಿಲ್ಲ. ಹೇಳಿದ ಮೇಲೆ ನಾಚಿಕೆಯಾಗಿ, "ಹಾಗಂತ ನೀನು ಬೇಡ ಅಂತಲ್ಲ" ಎಂದು ಸೇರಿಸಿದ.

"ಗೊತ್ತು ಕಣೋ ಪೆದ್ದ."

"ನೀನಿಲ್ದೆ ನಂಗೆ ಹೇಗಾಗುತ್ತೆ?"

"ಹೇಗೋ ಆಗುತ್ತೆ. ಮೊದಲು ಸ್ವಲ್ಪ ದಿನ ಆಗಲ್ಲ, ಆಮೇಲೆ ಆಗುತ್ತೆ. ಅಮ್ಮ ಹೋದಾಗ ಆಗ್ಲಿಲ್ವಾ?"

ಆಗ ನೀನಿದ್ದೆ, ಅನ್ನಬೇಕೆನ್ನಿಸಿತು ಅವನಿಗೆ. ಹೇಳದಿದ್ದರೂ ಕೇಳಿಸಿತೋ ಎಂಬಂತೆ ಅವಳು ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ಕೈಯನ್ನು ಅವನ ಮಂಡಿಯ ಮೇಲಿಟ್ಟಳು. ಆಸ್ಪತ್ರೆಯಲ್ಲಿ ಅವಳ ಸರದಿಯ ಹೊತ್ತು ಆಗುತ್ತ ಬಂದಿತ್ತು.

"ಇವತ್ತು ಹೋಗೋಣ" ಎಂದಳು ಕೊನೆಗೆ. "ಇಷ್ಟು ಕಷ್ಟಪಟ್ಟು ಕಾರು ತಂದಿದೀಯ. ನಾಡಿದ್ದೂ ಹೋಗೋಣ, ಆಗೋವಷ್ಟು ದಿನ ಹೋಗೋಣ. ಆದ್ರೆ ಒಂದು ಮಾತು ಕೊಡು ನಂಗೆ."

"ಏನು?"

"ಯಾವತ್ತಾದ್ರೂ ದಾರೀಲಿ, ಎಲ್ಲೇ ಆಗ್ಲಿ, ನಾನು ಸಾಕು ಅಂದ್ರೆ ಕಾರು ತಿರುಗಿಸ್ಬೇಕು. ಯಾಕೆ ಅಂತ ಕೇಳಬಾರದು, ಡಾಕ್ಟರ ಹೆಸರು ಎತ್ತಬಾರದು, ಅಳಬಾರದು. ಸುಮ್ನೆ ತಿರುಗಿಸಿ ಮನೆಗೆ ಕರ್ಕೊಂಡು ಹೋಗ್ಬೇಕು."

ಅವನು ಕಿಟಕಿಯ ಹೊರಗೆ ನೋಡಿದ. ಆ ರಸ್ತೆ ಇಕ್ಕಟ್ಟು, ಕಾರು ತಿರುಗಿಸುವಷ್ಟು ಅಗಲ ಕೆಲವೇ ಕಡೆ ಇತ್ತು. ಆ ಜಾಗಗಳೆಲ್ಲ ಅವನ ಕಣ್ಣ ಮುಂದೆ ಒಂದೊಂದಾಗಿ ಬಂದವು.

"ಅಳಬಾರದು ಅನ್ನೋದೊಂದು ಬಿಡು" ಎಂದ. "ಮಿಕ್ಕಿದ್ದು ಆಗ್ಲಿ. ತಿರುಗಿಸ್ತೀನಿ."

ಹೋಗಿ ಮುಂದಿನ ಸೀಟಿನಲ್ಲಿ ಕುಳಿತು ಕಾರು ಹೊರಡಿಸಿದ. ಕೆಳಗಿನವರೆಗೂ, ಪ್ರತಿ ಅಗಲದ ಜಾಗ ಬಂದಾಗಲೂ, ಅವನ ಕಾಲು ತಾನಾಗಿ ನಿಧಾನ ಮಾಡುತ್ತಿತ್ತು. ಹಿಂದಿನಿಂದ ಏನಾದರೂ ಮಾತು ಬರುತ್ತದೆಯೋ ಎಂದು ಕಿವಿಗೊಟ್ಟು ಕಾಯುವನು, ಬರದಿದ್ದಾಗ ಮುಂದೆ ಹೋಗುವನು.